ಮೂರು ಕಡೆ ಐ7, ಒಳಗೆ ಐ5: ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಪ್ರಕರಣ

ಶಿವಮೊಗ್ಗದ ನಮ್ಮ ಸರ್ವಿಸ್ ಟೇಬಲ್ಲಿಗೆ ಬಂದ ಒಂದು ಲ್ಯಾಪ್‌ಟಾಪಿನ ವಿಷಯ ಇದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಮಾರಿದವರ ಹೆಸರು, ಊರು ಇಲ್ಲಿಲ್ಲ. ಲ್ಯಾಪ್‌ಟಾಪಿನ ಕಂಪನಿ, ಮಾಡೆಲ್ ಕೂಡ ಬಿಟ್ಟಿದ್ದೇನೆ, ಯಾಕೆಂದರೆ ತಪ್ಪು ಅದನ್ನು ತಯಾರಿಸಿದವರದ್ದಲ್ಲ.

ಹಿನ್ನೆಲೆ

ಹುಡುಗಿ ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದು ಎಂಜಿನಿಯರಿಂಗ್ ಓದುತ್ತಾಳೆ. ಮನೆ ತೀರ್ಥಹಳ್ಳಿ ಕಡೆ. ತಂದೆಗೆ ಅಡಿಕೆ ತೋಟ. ಕಾಲೇಜಿನಲ್ಲಿ ಮೊಬೈಲ್ ಆ್ಯಪ್ ಮಾಡುವ ಪ್ರಾಜೆಕ್ಟ್ ಬಂತು, ಹಳೇ ಲ್ಯಾಪ್‌ಟಾಪ್ ಸಾಲಲಿಲ್ಲ. ಹೊಸದಕ್ಕೆ ಬಜೆಟ್ ಇರಲಿಲ್ಲ. ಅಣ್ಣ ಜಾಹೀರಾತು ನೋಡಿ ಬೇರೆ ಊರಿನ ಒಬ್ಬ ವ್ಯಾಪಾರಿಯಿಂದ ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಮಾಡಿ ಮಾರುವ) ಲ್ಯಾಪ್‌ಟಾಪ್ ತರಿಸಿದ. ಬಸ್ಸಿನ ಪಾರ್ಸೆಲ್‌ನಲ್ಲಿ ಬಂತು. ಬಿಲ್ಲಿನಲ್ಲಿ ಹೀಗಿತ್ತು: ಐ7 (ಇಂಟೆಲ್ ಪ್ರೊಸೆಸರ್‌ಗಳಲ್ಲಿ ಐ5ಗಿಂತ ಮೇಲಿನ ದರ್ಜೆ) 8ನೇ ಜನರೇಶನ್, 16 ಜಿಬಿ ರ‍್ಯಾಮ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ವೇಗದ ಬಗೆಯ ಡಿಸ್ಕ್), ವಿಂಡೋಸ್ 11. ಸುಮ್ನೆ ‘ಲ್ಯಾಪ್‌ಟಾಪ್ ಒಂದು’ ಅಂತ ಬರೆಸಿಕೊಳ್ಳದೆ ಇಷ್ಟು ವಿವರ ಬರೆಸಿಕೊಂಡಿದ್ದು ಅಣ್ಣನ ಜಾಣತನ. ಅದು ಎಷ್ಟು ಕೆಲಸಕ್ಕೆ ಬಂತು ಅಂತ ಮುಂದೆ ಗೊತ್ತಾಗುತ್ತದೆ.

ರಿಫರ್ಬಿಶ್ಡ್ ಅಂದ ಕೂಡಲೇ ಮೂಗು ಮುರಿಯಬೇಕಾಗಿಲ್ಲ. ದೊಡ್ಡ ಆಫೀಸುಗಳು ಮೂರು–ನಾಲ್ಕು ವರ್ಷ ಬಳಸಿ ಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪುಗಳು ಗಟ್ಟಿ ಇರುತ್ತವೆ, ಬಿಚ್ಚಿ ರಿಪೇರಿ ಮಾಡಲೂ ಸುಲಭ. ನಾನೇ ಎಷ್ಟೋ ಜನರಿಗೆ ಅದನ್ನೇ ತಗೊಳ್ಳಿ ಅಂದಿದ್ದೇನೆ.

ತೊಂದರೆ, ಮತ್ತು ಅದಕ್ಕೆ ಮಾಡಿದ ಮದ್ದು

ಬ್ರೌಸರ್, ವರ್ಡ್ ಎಲ್ಲ ಚೆನ್ನಾಗಿಯೇ ಓಡುತ್ತಿದ್ದವು. ಆ್ಯಪ್ ಬರೆಯುವ ಸಾಫ್ಟ್‌ವೇರ್ ತೆರೆದು ಅದರ ಜೊತೆ ಎಮ್ಯುಲೇಟರ್ (ಲ್ಯಾಪ್‌ಟಾಪಿನೊಳಗೇ ಫೋನಿನಂತೆ ಆ್ಯಪ್ ಓಡಿಸುವ ಸಾಫ್ಟ್‌ವೇರ್) ಹಾಕಿದರೆ ಸಾಕು, ಮೌಸ್ ಕೂಡ ಅಲ್ಲಾಡುತ್ತಿರಲಿಲ್ಲ. ಇನ್ನೊಂದು ತೊಂದರೆ ವೈಫೈಯದ್ದು. ಹಾಸ್ಟೆಲ್‌ನಲ್ಲಿ ರೂಟರ್ ಹತ್ತಿರ ಕೂತರೆ ಪರವಾಗಿಲ್ಲ. ಊರಿಗೆ ಹೋದರೆ ಪಡಸಾಲೆಯ ರೂಟರ್ ಒಳಕೋಣೆಗೆ ಸಿಗುತ್ತಲೇ ಇರಲಿಲ್ಲ. ಮನೆಯದು ಹಳೇ ಜಂಬಿಟ್ಟಿಗೆ ಗೋಡೆ, ಮೇಲಾಗಿ ಮಳೆಗಾಲ. ಹಾಗಾಗಿ ಲ್ಯಾಪ್‌ಟಾಪಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ಬೈಗುಳವೆಲ್ಲ ಫೈಬರ್ ಲೈನಿಗೆ ಹೋಯಿತು. ಅದೇ ಕೋಣೆಯಲ್ಲಿ ತಂದೆಯ ಫೋನಿಗೆ ಸಿಗ್ನಲ್ ಸರಿಯಾಗಿ ಸಿಗುತ್ತಿತ್ತು ಅನ್ನೋದನ್ನು ನಾನು ಕೇಳಿದ ಮೇಲೆ ನೆನಪಿಸಿಕೊಂಡರು.

ಪರಿಚಯದವರೊಬ್ಬರು ಡ್ರೈವರ್ (ಒಳಗಿನ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಪ್ಯಾಕ್ ಹಾಕಿಕೊಟ್ಟರು. ಡ್ರೈವರ್ ಜೊತೆ ಬೇಡದ ಇನ್ನಷ್ಟು ಸಾಫ್ಟ್‌ವೇರ್ ಬಂದು ಕೂತಿತು, ಅಷ್ಟೇ. ಇನ್ನೊಬ್ಬರು ಟಾಸ್ಕ್ ಮ್ಯಾನೇಜರ್ ನೋಡಿ, ರ‍್ಯಾಮ್ ಡ್ಯೂಪ್ಲಿಕೇಟ್ ಇದೆ, ವೇಗ 2400ರದ್ದು ಅಂತಾರೆ, 2133ರಲ್ಲಿ ಓಡ್ತಿದೆ ಅಂದರು. ಮನೆಯವರು ಹೊಸ ರ‍್ಯಾಮ್ ತರಿಸುವುದರಲ್ಲಿದ್ದರು. ಹಾಗೇ 1 ಟಿಬಿ ಅಂದಿದ್ದು 931 ಜಿಬಿ ತೋರಿಸುತ್ತಿದೆ ಅನ್ನೋ ದೂರೂ ಇತ್ತು.

ಕೊನೆಯದಕ್ಕೆ ಅಲ್ಲೇ ಸಮಾಧಾನ ಹೇಳಿದೆ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಹೊಚ್ಚ ಹೊಸ 1 ಟಿಬಿ ಡಿಸ್ಕ್ ಹಾಕಿದರೂ 931 ಅಂತಲೇ ಬರುತ್ತದೆ. ರ‍್ಯಾಮಿನ 2133 ಮಾತ್ರ ತಲೆಯಲ್ಲಿ ಉಳಿಯಿತು.

ಎಲ್ಲ ಸಾಕ್ಷಿಯೂ ಸರಿಯಾಗಿಯೇ ಇತ್ತು

ಐ7 ಹೌದೋ ಅಲ್ಲವೋ ಅಂತ ಅಣ್ಣ ಮೊದಲೇ ನೋಡಿದ್ದ. ಕೀಬೋರ್ಡ್ ಪಕ್ಕ ಐ7 ಸ್ಟಿಕ್ಕರ್. ಸೆಟ್ಟಿಂಗ್ಸ್‌ನ ಸಿಸ್ಟಮ್ ಪುಟದಲ್ಲಿ ಐ7-8650ಯು. ಅಷ್ಟಕ್ಕೇ ಬಿಡದೆ ಕೆಳಗಿನ ಕವರಿನ ಮೇಲಿದ್ದ ಸೀರಿಯಲ್ ನಂಬರನ್ನು ಕಂಪನಿಯ ಸಪೋರ್ಟ್ ಪುಟದಲ್ಲಿ ಹಾಕಿದ್ದ. ಫ್ಯಾಕ್ಟರಿಯಿಂದ ಹೊರಟಾಗ ಐ7-8650ಯು ಇತ್ತು ಅಂತ ಅಲ್ಲೂ ಬಂತು.

“ನೋಡಿ ಮಾರಾಯ್ರೆ, ಮೂರು ಕಡೆ ಐ7 ಅಂತ ಬರ್ದದೆ. ಮತ್ತೆ ಎಂತಕ್ಕೆ ಹಿಂಗಾಡ್ತದೆ?” ಅಂತ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ.

ಲ್ಯಾಪ್‌ಟಾಪ್ ಕೈಗೆ ತಗೊಂಡು ಅದೇ ಸಿಸ್ಟಮ್ ಪುಟ ತೆರೆದೆ. ಪ್ರೊಸೆಸರ್ ಅನ್ನುವ ಸಾಲಿನಲ್ಲಿ ಹೆಸರಿನ ಜೊತೆ ‘1.90 ಗಿಗಾಹರ್ಟ್ಸ್’ ಅಂತಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಅಂಕಿ, 2.71. ಮೊದಲನೆಯದು ಹೆಸರಿನದೇ ಭಾಗ, ಎರಡನೆಯದು ವಿಂಡೋಸ್ ಲೆಕ್ಕ ಹಾಕಿದ ವೇಗ. ಎರಡೂ ಹತ್ತಿರ ಹತ್ತಿರ ಇರಬೇಕು. ನಿಜವಾದ 8650ಯು ಇರುವ ಮೆಷಿನ್‌ಗಳಲ್ಲಿ 1.90ರ ಪಕ್ಕ 2.11 ನೋಡಿ ನನಗೆ ಅಭ್ಯಾಸ. 2.71 ಬರೋದು ಬೇರೆ ಪ್ರೊಸೆಸರ್‌ಗೆ.

ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟಕ್ಕೆ ಹೋದೆ. ಕೋರ್ (ಪ್ರೊಸೆಸರಿನೊಳಗೆ ಕೆಲಸ ಮಾಡುವ ಘಟಕ) 2, ಲಾಜಿಕಲ್ ಪ್ರೊಸೆಸರ್ 4, ಎಲ್3 ಕ್ಯಾಶ್ (ಚಿಪ್ಪಿನೊಳಗಿನ ಪುಟ್ಟ ಮೆಮೊರಿ) 3 ಎಂಬಿ. 8650ಯು ಆಗಿದ್ದರೆ ಕೋರ್ 4, ಲಾಜಿಕಲ್ 8, ಕ್ಯಾಶ್ 8 ಎಂಬಿ ಇರಬೇಕಿತ್ತು. ಡಿವೈಸ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ನೋಡಿದೆ. ಇಂಟೆಲ್ ಎಚ್‌ಡಿ ಗ್ರಾಫಿಕ್ಸ್ 620. 8ನೇ ಜನರೇಶನ್ನಿನ ಈ ಸಾಲಿನ ಪ್ರೊಸೆಸರ್‌ಗಳಲ್ಲಿ ಅದು ಯುಎಚ್‌ಡಿ 620. ಒಂದು ‘ಯು’ ಇಲ್ಲ, ಅಷ್ಟೇ ವ್ಯತ್ಯಾಸ. ಆದರೆ ಗ್ರಾಫಿಕ್ಸ್ ಇರೋದು ಪ್ರೊಸೆಸರ್ ಚಿಪ್ಪಿನೊಳಗೇ. ಅದು 7ನೇ ಜನರೇಶನ್ ಆದರೆ ಪ್ರೊಸೆಸರೂ 7ನೆಯದೇ.

ಈಗ 2133ರ ಅರ್ಥವೂ ಹೊಳೆಯಿತು. 7ನೇ ಜನರೇಶನ್ನಿನ ಈ ಸಾಲು ಡಿಡಿಆರ್4 ರ‍್ಯಾಮನ್ನು 2133ಕ್ಕಿಂತ ಜಾಸ್ತಿ ಓಡಿಸುವುದಿಲ್ಲ. ರ‍್ಯಾಮ್ ನಿಜವಾಗಿಯೂ 2400ರದ್ದೇ, ಅದನ್ನು ಕೆಳಗಿಳಿಸಿದ್ದು ಪ್ರೊಸೆಸರ್. ಎಲ್ಲರೂ ಅನುಮಾನ ಪಟ್ಟ ಆ ರ‍್ಯಾಮ್ ಈ ಲ್ಯಾಪ್‌ಟಾಪಿನಲ್ಲಿ ಬಿಲ್ಲಿನಂತೆ ಸರಿಯಾಗಿದ್ದ ಒಂದೇ ಮುಖ್ಯ ಭಾಗ.

ಮೆಷಿನ್ ಆಫ್ ಮಾಡಿ ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲೇ ಓಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಹೋದೆವು. ಅಲ್ಲಿ ಸ್ಪಷ್ಟವಾಗಿತ್ತು: ಐ5-7300ಯು. ಅದೇ ಪುಟದ ಸೀರಿಯಲ್ ನಂಬರ್ ನೋಡಿ, ಲ್ಯಾಪ್‌ಟಾಪ್ ಮಗುಚಿ ಕೆಳಗಿನ ಸ್ಟಿಕ್ಕರ್ ನೋಡಿದರೆ ಎರಡೂ ಬೇರೆ ಬೇರೆ. ಅಂದರೆ ಕೆಳಗಿನ ಕವರ್ ಮಾತ್ರ ಇನ್ಯಾವುದೋ 8ನೇ ಜನರೇಶನ್ ಲ್ಯಾಪ್‌ಟಾಪಿನದ್ದು. ಈ ಕಂಪನಿಯ ಎರಡು ತಲೆಮಾರಿನ ಮೆಷಿನ್‌ಗಳ ಕವರ್ ಒಂದಕ್ಕೊಂದು ಕೂರುತ್ತದೆ. ಅಣ್ಣ ಕಂಪನಿಯ ಪುಟದಲ್ಲಿ ವಿಚಾರಿಸಿದ್ದು ಆ ಕವರಿನ ಜಾತಕವನ್ನು. ಬಯೋಸ್‌ನ ನಂಬರ್ ಹಾಕಿದಾಗ ಐ5, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ, ಇಂಟೆಲ್ ವೈಫೈ ಅಂತ ಬಂತು.

ತಂದೆ ಅಷ್ಟೂ ಹೊತ್ತು ಸುಮ್ಮನೆ ಕೂತಿದ್ದವರು, “ಚೀಲದ ಮೇಲೆ ಸರಕು ಅಂತ ಬರೆದು ಒಳಗೆ ಗೊರಬಲು ತುಂಬಿದಂಗಾಯ್ತು” ಅಂದರು. ಅಡಿಕೆಯಲ್ಲಿ ಸರಕು ಮೇಲಿನ ದರ್ಜೆ, ಗೊರಬಲು ಕೆಳಗಿನದು.

ಫಾರ್ಮ್ಯಾಟ್ ಮಾಡಬೇಡಿ ಅಂದದ್ದು

ಅಣ್ಣ ಅಲ್ಲಿಂದಲೇ ವ್ಯಾಪಾರಿಗೆ ಫೋನ್ ಹಚ್ಚಿದ. ಆ ಕಡೆಯ ಉತ್ತರ: “ಅದು ವಿಂಡೋಸ್ ಪ್ರಾಬ್ಲಂ ಸರ್. ಒಂದ್ಸಲ ಫಾರ್ಮ್ಯಾಟ್ ಹೊಡೆಸಿ, ಸರಿ ಹೋಗುತ್ತೆ. ಇಲ್ಲಾಂದ್ರೆ ನಾವೇ ಇಲ್ಲಿಂದ ರಿಮೋಟ್‌ನಲ್ಲಿ ನೋಡ್ತೀವಿ.”

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಎರಡಕ್ಕೂ ಒಪ್ಪಬೇಡಿ ಅಂದೆ. ಯಾಕೆ ಅನ್ನೋದಕ್ಕೆ ಸ್ವಲ್ಪ ಒಳಗಿನ ವಿಷಯ ಹೇಳಬೇಕು.

ಸಿಸ್ಟಮ್ ಪುಟ ಪ್ರೊಸೆಸರಿನ ಹೆಸರನ್ನು ಪ್ರತಿ ಸಲ ಚಿಪ್ಪಿನ ಹತ್ತಿರ ಹೋಗಿ ಕೇಳುವುದಿಲ್ಲ. ವಿಂಡೋಸ್ ಶುರುವಾಗುವಾಗ ಚಿಪ್ಪಿನಿಂದ ಹೆಸರು ತಿಳಿದುಕೊಂಡು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ವಿವರಗಳನ್ನು ಇಟ್ಟುಕೊಳ್ಳುವ ಕಡತ) ಬರೆದಿಡುತ್ತದೆ, ಆಮೇಲೆ ಪುಟಕ್ಕೆ ಬರೋದು ಅಲ್ಲಿಂದ. ಅಡ್ಮಿನ್ ಅಧಿಕಾರ ಇದ್ದವರು ಆ ಹೆಸರನ್ನು ತಿದ್ದಬಹುದು. ಆದರೆ ರಿಜಿಸ್ಟ್ರಿಯ ಆ ಭಾಗ ಡಿಸ್ಕಿನಲ್ಲಿ ಉಳಿಯುವುದಿಲ್ಲ, ಪ್ರತಿ ಸಲ ಆನ್ ಮಾಡಿದಾಗ ಹೊಸದಾಗಿ ಹುಟ್ಟುತ್ತದೆ. ಸುಳ್ಳು ಹೆಸರು ನಿಲ್ಲಬೇಕಾದರೆ ಪ್ರತಿ ಸಲ ಮತ್ತೆ ಬರೆಯಬೇಕು. ಅದಕ್ಕೆ ಒಳಗೆ ಯಾವುದೋ ಸ್ಕ್ರಿಪ್ಟ್ (ತಾನಾಗಿ ಓಡುವ ಆಜ್ಞೆ) ಕೂತಿರಲೇಬೇಕು. ಫಾರ್ಮ್ಯಾಟ್ ಮಾಡಿದರೆ ಸ್ಕ್ರಿಪ್ಟ್ ಹೋಗುತ್ತದೆ, ಜೊತೆಗೆ ಮೋಸದ ಸಾಕ್ಷಿಯೂ ಹೋಗುತ್ತದೆ. ಆಮೇಲೆ ‘ನಾವು ಐ5 ಅಂತಲೇ ಕೊಟ್ಟಿದ್ದು, ಐ7 ಅಂತ ಎಲ್ಲಿ ತೋರಿಸ್ತಿದೆ?’ ಅಂದರೆ ಏನು ಹೇಳೋದು?

ತಾನಾಗಿ ಓಡುವ ಕೆಲಸಗಳ ಪಟ್ಟಿ ಇರುವ ಟಾಸ್ಕ್ ಶೆಡ್ಯೂಲರ್ ತೆರೆದು ಹುಡುಕಿದೆವು. ಆಡಿಯೊ ಅಪ್‌ಡೇಟ್ ಅನ್ನುವ ಅರ್ಥದ ಹೆಸರಿನ ಒಂದು ಟಾಸ್ಕ್ ಇತ್ತು. ಲಾಗಿನ್ ಆದ ಕೂಡಲೇ ಓಡಬೇಕು ಅಂತ ಹೊಂದಿಸಿದ್ದರು. ಒಳಗೆ ನೋಡಿದರೆ ಆಡಿಯೊಗೆ ಸಂಬಂಧವೇ ಇಲ್ಲ, ಪ್ರೊಸೆಸರಿನ ಹೆಸರನ್ನು ರಿಜಿಸ್ಟ್ರಿಗೆ ಬರೆಯುವ ಒಂದೇ ಸಾಲಿನ ಆಜ್ಞೆ. ಹೆಸರು ಬದಲಿಸಿದ್ದರು, ಪಕ್ಕದ ವೇಗದ ಅಂಕಿ ಮರೆತಿದ್ದರು. ಕೋರಿನ ಲೆಕ್ಕ ಅವರ ಕೈಗೆ ಸಿಗುವಂಥದ್ದೇ ಅಲ್ಲ.

ಫೋನಿನಲ್ಲಿ ಎಡಿಟ್ ಇಲ್ಲದ ಒಂದೇ ವಿಡಿಯೊ ತೆಗೆದೆವು. ಬಿಲ್ಲು, ಕೆಳಗಿನ ಸ್ಟಿಕ್ಕರ್, ಐ7 ಅನ್ನುವ ಸಿಸ್ಟಮ್ ಪುಟ, ಆ ಟಾಸ್ಕ್, ಅದನ್ನು ನಿಲ್ಲಿಸಿ ರೀಸ್ಟಾರ್ಟ್ ಮಾಡುವುದು, ಮತ್ತೆ ಅದೇ ಪುಟ. ಈ ಸಲ ಐ5-7300ಯು.

ಉಳಿದ ಭಾಗಗಳ ಸರದಿ

ಪ್ರೊಸೆಸರಿನಲ್ಲೇ ಹೀಗೆ ಮಾಡಿದವರು ಬೇರೆಯದನ್ನು ಬಿಟ್ಟಿರುತ್ತಾರಾ? ಇಲ್ಲಿ ಒಂದು ಗೊಂದಲ ಇತ್ತು. ಕವರಿನ ಸ್ಕ್ರೂ ಮೇಲೆ ವ್ಯಾಪಾರಿಯ ವಾರಂಟಿ ಸೀಲ್ ಇತ್ತು. ಬಿಚ್ಚಿದರೆ ನೀವೇ ಬದಲಿಸಿದ್ದೀರಿ ಅನ್ನಲು ಅವರಿಗೆ ದಾರಿ ಸಿಗುತ್ತದೆ. ಹಾಗಾಗಿ ಬಿಚ್ಚದೆ ಎಷ್ಟು ತಿಳಿಯಬಹುದೋ ಅಷ್ಟನ್ನು ಮೊದಲು ತಿಳಿಯೋಣ ಅಂತಾಯಿತು.

ಪೆನ್‌ಡ್ರೈವ್‌ನಿಂದ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಬಳಸುವ ಉಚಿತ ಆಪರೇಟಿಂಗ್ ಸಿಸ್ಟಮ್) ಹಚ್ಚಿದೆ. ಇನ್‌ಸ್ಟಾಲ್ ಮಾಡಬೇಕಿಲ್ಲ, ಡಿಸ್ಕ್ ಮುಟ್ಟದೆ ಓಡುತ್ತದೆ. ವ್ಯಾಪಾರಿ ಹಾಕಿಕೊಟ್ಟ ವಿಂಡೋಸ್ ಪೂರ್ತಿ ಪಕ್ಕಕ್ಕೆ ಸರಿದ ಮೇಲೆ ಸಿಗುವ ಉತ್ತರ ಇದು. ಪ್ರೊಸೆಸರ್ ಮತ್ತೆ ಐ5-7300ಯು ಅಂತಲೇ ಬಂತು. ಡಿಸ್ಕಿನ ಹೆಸರು ನೋಡಿದ ತಕ್ಷಣ ಇನ್ನೊಂದು ಗುಟ್ಟು ಹೊರಬಿತ್ತು. ಲಿನಕ್ಸ್‌ನಲ್ಲಿ ಎನ್‌ವಿಎಂಇ ಡಿಸ್ಕಿನ ಹೆಸರು ‘ಎನ್‌ವಿಎಂಇ’ ಅಂತಲೇ ಶುರುವಾಗುತ್ತದೆ. ಇಲ್ಲಿ ಇದ್ದದ್ದು ‘ಎಸ್‌ಡಿಎ’. ಅಂದರೆ ಸಾಟಾ, ಹಳೇ ನಿಧಾನದ ಬಗೆ. ನೋಡಲು ಎರಡೂ ಒಂದೇ ತರದ ಎಂ.2 ಪಟ್ಟಿ, ಆದರೆ ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿ ದಾಟುವುದಿಲ್ಲ, ಆ ಕಾಲದ ಒಳ್ಳೇ ಎನ್‌ವಿಎಂಇ 3,000 ದಾಟುತ್ತದೆ. ಡಿಸ್ಕ್ ತನ್ನ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವಿವರದಲ್ಲಿ ತಯಾರಕರ ಹೆಸರೇ ಇರಲಿಲ್ಲ, ಸುಮ್ನೆ ‘ಎಸ್‌ಎಸ್‌ಡಿ 1ಟಿಬಿ’. ಸಾಮರ್ಥ್ಯವೂ ಸುಳ್ಳಿರಬಹುದು ಅಂತ, ಖಾಲಿ ಜಾಗ ತುಂಬುವಷ್ಟು ಫೈಲ್ ಬರೆದು ಓದಿಸಿದೆವು. ಅದು ಸರಿಯಾಗಿತ್ತು.

ವೈಫೈಗೆ ಬರೋಣ. ಪ್ರತಿ ಪಿಸಿಐ (ಒಳಗಿನ ಭಾಗಗಳನ್ನು ಬೋರ್ಡಿಗೆ ಜೋಡಿಸುವ ದಾರಿ) ಸಾಧನಕ್ಕೂ ಎರಡು ಸಂಖ್ಯೆ ಇರುತ್ತವೆ, ಒಂದು ತಯಾರಕರದ್ದು, ಇನ್ನೊಂದು ಸಾಧನದ್ದು. ಇಂಟೆಲ್‌ಗೆ 8086, ಎನ್‌ವಿಡಿಯಾಗೆ 10ಡಿಇ, ರಿಯಲ್‌ಟೆಕ್‌ಗೆ 10ಇಸಿ. ಡ್ರೈವರ್ ತಪ್ಪಾಗಿ ಬೇರೆ ಹೆಸರು ತೋರಿಸಿದರೂ ಈ ಸಂಖ್ಯೆ ಹಾಗೇ ಇರುತ್ತದೆ. ವಿಂಡೋಸ್‌ನಲ್ಲೂ ಡಿವೈಸ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡಿ ಅಂತ ಆರಿಸಿದರೆ ಕಾಣುತ್ತದೆ. ಡ್ರೈವರ್ ಪ್ಯಾಕ್‌ಗಿಂತ ಮೊದಲು ನೋಡಬೇಕಾದ್ದು ಇದನ್ನು. ಇದರಲ್ಲಿ ಇದ್ದದ್ದು 10ಇಸಿ, ಸಿ821. ರಿಯಲ್‌ಟೆಕ್‌ನ ಆರ್‌ಟಿಎಲ್8821ಸಿಇ ಕಾರ್ಡ್. ಕಡಿಮೆ ಬೆಲೆಯದು, ಒಂದೇ ಆಂಟೆನಾದ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಆ ಮಾಡೆಲ್‌ಗೆ ಕಂಪನಿಯಿಂದ ಬರುವ ಇಂಟೆಲ್ ಕಾರ್ಡಿಗೆ ಎರಡು ಆಂಟೆನಾ.

ಇಷ್ಟೆಲ್ಲ ದಾಖಲಾದ ಮೇಲೆ, ತಂದೆಯ ಎದುರಿಗೆ, ವಿಡಿಯೊ ಓಡುತ್ತಿರುವಾಗಲೇ ಸೀಲ್ ಬಿಚ್ಚಿದ್ದು. ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆದೆ. ವೈಫೈ ಕಾರ್ಡಿಗೆ ಒಂದು ತಂತಿ ಮಾತ್ರ ಸಿಕ್ಕಿಸಿದ್ದರು. ಎರಡನೆಯದರ ತುದಿಗೆ ಹಳದಿ ಟೇಪ್ ಸುತ್ತಿ ಫ್ಯಾನಿನ ಪಕ್ಕ ಮಡಚಿ ಇಟ್ಟಿದ್ದರು. ಜಂಬಿಟ್ಟಿಗೆ ಗೋಡೆ, ಮಳೆ, ಫೈಬರ್ ಲೈನ್ ಎಲ್ಲದರ ಮೇಲೆ ಹೊರಿಸಿದ್ದ ಆರೋಪದ ಅಸಲಿ ಕಾರಣ ಆ ಟೇಪಿನೊಳಗಿತ್ತು. ರ‍್ಯಾಮಿನ ಎರಡು ಪಟ್ಟಿ, ತಲಾ 8 ಜಿಬಿ, ಲೇಬಲ್ಲೂ ಪಟ್ಟಿಯೊಳಗಿನ ಪುಟ್ಟ ಚಿಪ್ ಕೊಟ್ಟ ಮಾಹಿತಿಯೂ ಒಂದೇ.

ಹೀಟ್‌ಸಿಂಕ್ (ಬಿಸಿ ಎಳೆದುಕೊಳ್ಳುವ ಲೋಹದ ಭಾಗ) ತೆಗೆದು ಪ್ರೊಸೆಸರ್ ಮೇಲಿನ ಬರಹ ನೋಡೋಣ ಅಂತ ಅಣ್ಣನಿಗೆ ಆಸೆ. ಬೇಡ ಅಂದೆ. ಚಿಪ್ಪೇ ಕೊಟ್ಟ ಉತ್ತರ ಬಯೋಸ್‌ನಲ್ಲೂ ಲಿನಕ್ಸ್‌ನಲ್ಲೂ ಒಂದೇ ಇತ್ತು. ಈ ಸಾಲಿನ ಪ್ರೊಸೆಸರ್ ಬೋರ್ಡಿಗೆ ಬೆಸೆದೇ ಬರುತ್ತದೆ, ತೆಗೆದು ಇನ್ನೊಂದು ಹಾಕುವಂಥದ್ದಲ್ಲ. ಕುತೂಹಲಕ್ಕೋಸ್ಕರ ಥರ್ಮಲ್ ಪೇಸ್ಟ್ ಕೆಡಿಸಬೇಕಾ?

ಏನಾಯಿತು

ವಿಡಿಯೊ, ಬಿಲ್ಲು ಎರಡೂ ಕಳಿಸಿದ ಮೇಲೆ ವ್ಯಾಪಾರಿಯ ಮಾತು ಬದಲಾಯಿತು. ಮೊದಲು ‘ನಮಗೂ ಮೇಲಿನವರು ಹಾಗೇ ಕೊಟ್ಟಿದ್ದು’ ಅಂದರು. ಇರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿಲ್ಲು ಹಾಕಿದವರು ಅವರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇವೆ, ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇವೆ ಅಂತ ಅಣ್ಣ ಬರೆದು ಕಳಿಸಿದ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ದೂರಿಗೆ 2 ವರ್ಷದ ಅವಧಿ ಇದೆ, ತಾವಿರುವ ಜಿಲ್ಲೆಯಲ್ಲೇ ಕೊಡಬಹುದು. ಬೇರೆ ಊರಿನ ವ್ಯಾಪಾರಿಗೆ ಇಷ್ಟು ಗೊತ್ತಾದರೆ ಸಾಕಾಗುತ್ತದೆ ಎಷ್ಟೋ ಸಲ.

ವಾಪಸ್ ಕಳಿಸಿ ಪೂರ್ತಿ ಹಣ ತಗೊಳ್ಳಿ, ಅಥವಾ ಇಟ್ಟುಕೊಂಡು ಸ್ವಲ್ಪ ಹಣ ತಗೊಳ್ಳಿ ಅಂತ ಎರಡು ಆಯ್ಕೆ ಬಂತು. ಮೊದಲನೆಯದನ್ನು ಆರಿಸಿ ಅಂದೆ ನಾನು. ಮುಖ್ಯ ಕಾರಣ ವಿಂಡೋಸ್. 7300ಯು ವಿಂಡೋಸ್ 11ರ ಅಧಿಕೃತ ಪ್ರೊಸೆಸರ್ ಪಟ್ಟಿಯಲ್ಲಿಲ್ಲ, ಅಡ್ಡದಾರಿಯಲ್ಲಿ ಹಾಕಿದ್ದರು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಯವರು ಎರಡನೆಯದನ್ನು ಆರಿಸಿದರು. ಸೆಮಿಸ್ಟರ್ ನಡುವೆ ಲ್ಯಾಪ್‌ಟಾಪ್ ಇಲ್ಲದೆ ಕೂರೋಕಾಗಲ್ಲ, ಕಳಿಸಿದ ಮೇಲೆ ಹಣ ಬರುತ್ತೆ ಅಂತ ನಂಬಿಕೆಯೂ ಇಲ್ಲ ಅಂದಳು ಹುಡುಗಿ. ಅವಳ ಮಾತಲ್ಲೂ ಹುರುಳಿತ್ತು. ಆ ಹಣಕ್ಕೆ ಅವರು ಒಪ್ಪಬಾರದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ, ಅದು ಬೇರೆ ಮಾತು.

ಈ ಪ್ರಕರಣದ ನಂತರ ಟೇಬಲ್ಲಿಗೆ ಬರುವ ಸೆಕೆಂಡ್ ಹ್ಯಾಂಡ್ ಮೆಷಿನ್‌ಗಳಲ್ಲಿ ನಾವು ಹೆಸರನ್ನು ಕೊನೆಗೆ ನೋಡುತ್ತೇವೆ. ಮೊದಲು ಕೋರ್, ಕ್ಯಾಶ್, ಗ್ರಾಫಿಕ್ಸ್, ಹಾರ್ಡ್‌ವೇರ್ ಐಡಿ. ಆಮೇಲೆ ಬಯೋಸ್‌ನ ನಂಬರ್ ಮತ್ತು ಕವರಿನ ನಂಬರ್ ಪಕ್ಕಪಕ್ಕ. ಬಯೋಸ್ ನಂಬರನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ, ಬೋರ್ಡ್ ಬದಲಿಸಿದಾಗ ಅದನ್ನು ಹೊಸದಾಗಿ ಬರೆಯಲು ಬರುತ್ತದೆ. ಅದಕ್ಕೇ ಪೆನ್‌ಡ್ರೈವ್ ಲಿನಕ್ಸ್ ಬೇಕು. ಒಂದೇ ವಿಂಡೋಸ್‌ನೊಳಗೆ ನಾಲ್ಕು ಸಾಫ್ಟ್‌ವೇರ್ ಹಾಕಿ ನೋಡುವುದಕ್ಕಿಂತ, ಸಂಬಂಧವಿಲ್ಲದ ಎರಡು ಕಡೆ ಕೇಳುವುದು ಮೇಲು. ಎರಡೂ ಉತ್ತರ ಬೇರೆಯಾದರೆ ಚಿಪ್ಪಿಗೆ ಹತ್ತಿರದ್ದು ಯಾವುದೋ ಅದರ ಮಾತು ನಡೆಯುತ್ತದೆ.

ಲ್ಯಾಪ್‌ಟಾಪಿಗೆ ಈಗ ಇಂಟೆಲ್ 8265 ವೈಫೈ ಕಾರ್ಡ್ ಹಾಕಿ ಎರಡೂ ತಂತಿ ಸಿಕ್ಕಿಸಿದ್ದೇವೆ. ಒಳಕೋಣೆಗೆ ಸಿಗ್ನಲ್ ಬರುತ್ತದಂತೆ. ಸಾಟಾ ಡಿಸ್ಕ್ ಹಾಗೇ ಬಿಟ್ಟೆವು, ಅವಳ ಕೆಲಸಕ್ಕೆ ಸಾಕು, ಆದರೆ ಹೆಸರಿಲ್ಲದ ಡಿಸ್ಕ್ ಆದ್ದರಿಂದ ಪ್ರಾಜೆಕ್ಟಿನ ಬ್ಯಾಕಪ್ ಬೇರೆ ಕಡೆ ಇಡಲು ಹೇಳಿದ್ದೇನೆ. ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್ ಹಾಕಿದೆವು, ಅದೂ ಹಣ ಕೈಗೆ ಬಂದ ಮೇಲೆ. ಎರಡು ಕೋರಿಗೆ ಎಮ್ಯುಲೇಟರ್ ಭಾರ, ಹಾಗಾಗಿ ಅವಳು ತನ್ನ ಫೋನನ್ನೇ ಕೇಬಲ್ಲಿನಲ್ಲಿ ಸಿಕ್ಕಿಸಿ ಆ್ಯಪ್ ಓಡಿಸಿ ನೋಡುತ್ತಾಳೆ. ಕೆಳಗಿನ ಸ್ಟಿಕ್ಕರ್ ಮೇಲೆ ಬಿಳಿ ಟೇಪ್ ಹಚ್ಚಿ ಬಯೋಸ್‌ನ ನಂಬರ್ ಬರೆದಿದ್ದೇವೆ. ಮುಂದೆ ಬ್ಯಾಟರಿಯೋ ಕೀಬೋರ್ಡೋ ತರಿಸುವಾಗ ಆ ನಂಬರನ್ನೇ ಹೇಳಬೇಕು. ಎರಡು ತಲೆಮಾರಿನ ಕವರ್ ಕೂರುತ್ತದೆ ಅಂದಮಾತ್ರಕ್ಕೆ ಉಳಿದ ಬಿಡಿಭಾಗಗಳೂ ಕೂರುತ್ತವೆ ಅಂತಿಲ್ಲ.